ಒಂದೇ ಪಾತ್ರೆಯ ಸಾರು, ಆರು ತಟ್ಟೆ: ಮನೆಯಲ್ಲಿ ಯಾರಿಗೆ ಎಷ್ಟು ಪ್ರೋಟೀನ್ ಬೇಕು?

ಬಸ್ಸಾರು ಮನೆ (ಹಾಸನ), ಭಾನುವಾರ ರಾತ್ರಿ

ಮನೆಯಲ್ಲಿ ಆರು ಜನ, ಒಲೆಯ ಮೇಲೆ ಒಂದೇ ಪಾತ್ರೆ. ಈ ವಾರದಿಂದ ಆ ಪಾತ್ರೆಯ ಮುಂದೆ ನಿಂತರೆ ನನಗೆ ಕೈ ಓಡುತ್ತಿಲ್ಲ.

ಮಾವನವರಿಗೆ 74 ವರ್ಷ, 62 ಕೆಜಿ. ಸಕ್ಕರೆ ಕಾಯಿಲೆ ಹಳೆಯದು. ಮೊನ್ನೆ ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ಪರೀಕ್ಷೆ) 1.7 ಬಂತು, ಮೂತ್ರಪಿಂಡದ ಕಾಯಿಲೆ ಮೂರನೇ ಹಂತದಲ್ಲಿದೆ ಎಂದರು. ವರದಿ ಕೈಗೆ ಕೊಟ್ಟವರು “ಇನ್ನು ಬೇಳೆಕಾಳು ಬಂದ್” ಎಂದೂ ಸೇರಿಸಿದರು. ಅದೇ ವಾರ ನಾದಿನಿ ಆರನೇ ತಿಂಗಳ ತಪಾಸಣೆಗೆ ಹೋಗಿದ್ದಳು. ಅವಳಿಗೆ “ಬೇಳೆಕಾಳು ಜಾಸ್ತಿ ತಿನ್ನಿ” ಎಂದಿದ್ದಾರೆ. ನಮ್ಮ ಯಜಮಾನರು (42 ವರ್ಷ, 71 ಕೆಜಿ) ಜಿಮ್‌ಗೆ ಸೇರಿ ಪ್ರೋಟೀನ್ ಪುಡಿಯ ದೊಡ್ಡದೊಂದು ಡಬ್ಬಿ ತಂದಿದ್ದಾರೆ, ಅದರ ಪುಡಿ ಬೆಳಿಗ್ಗೆ ಒಂದು ಅಳತೆ, ಸಂಜೆ ಒಂದು ಅಳತೆ. ಅತ್ತೆಗೆ 70, ತೂಕ 44 ಕೆಜಿ, ಮೊಟ್ಟೆ ಮುಟ್ಟುವುದಿಲ್ಲ. ಮಗಳಿಗೆ 13.

ಒಬ್ಬರಿಗೆ ವಿಷ, ಒಬ್ಬರಿಗೆ ಔಷಧಿ ಎನ್ನುವ ಹಾಗಿದ್ದರೆ ನಾನು ಎಷ್ಟು ಸಾರು ಮಾಡಲಿ? ತಿಳಿದವರು ದಯವಿಟ್ಟು ಲೆಕ್ಕ ಹೇಳಿ.

ಅಳತೆ ಚಮಚ (ಮೈಸೂರು), ಭಾನುವಾರ ರಾತ್ರಿ

ಆಸ್ಪತ್ರೆಯಲ್ಲಿ ರೋಗಿಗಳ ಪಥ್ಯಾಹಾರ ನೋಡುವವಳು ನಾನು. ಮೊದಲು ಒಂದು ಮಾತು: ಆರು ಜನ ಎಂದು ಬರೆದು ಐವರ ವಿವರ ಕೊಟ್ಟಿದ್ದೀರಿ. ನಿಮ್ಮ ವಯಸ್ಸು, ತೂಕವನ್ನೂ ಕಳುಹಿಸಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಪರವಾಗಿ 2020ರಲ್ಲಿ ಕೊಟ್ಟ ಲೆಕ್ಕದಲ್ಲಿ, ಆರೋಗ್ಯವಂತ ವಯಸ್ಕರಿಗೆ ದೇಹದ ತೂಕದ ಪ್ರತಿ ಕೆಜಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಗಂಡಸು, ಹೆಂಗಸು ಇಬ್ಬರಿಗೂ ಅದೇ ದರ. 65 ಕೆಜಿಯ ಗಂಡಸಿಗೆ 54 ಗ್ರಾಂ, 55 ಕೆಜಿಯ ಹೆಂಗಸಿಗೆ ಸುಮಾರು 46 ಗ್ರಾಂ ಎಂದು ವ್ಯತ್ಯಾಸ ಕಾಣುವುದು ತೂಕದಿಂದ ಮಾತ್ರ. “ಗಂಡಸರಿಗೆ ಶಕ್ತಿ ಬೇಕು” ಎಂದು ಹೆಚ್ಚು ಬಡಿಸುವುದಕ್ಕೆ ಆ ಪುಸ್ತಕದಲ್ಲಿ ಬೇರೆ ಆಧಾರವಿಲ್ಲ.

ಮಾವನವರ ವಿಷಯ ತುರ್ತಿನದು. ಬೇಳೆ ಪೂರ್ತಿ ನಿಲ್ಲಿಸಬೇಡಿ. ಡಯಾಲಿಸಿಸ್ ಬೇಕಾಗದ ಮೂರನೇ ಹಂತದಲ್ಲಿ, 2024ರ ಅಂತರರಾಷ್ಟ್ರೀಯ ಮೂತ್ರಪಿಂಡ ಮಾರ್ಗಸೂಚಿ ಹೇಳುವುದು ಕೆಜಿಗೆ 0.8 ಗ್ರಾಂ. ಅಂದರೆ ಅವರಿಗೆ ದಿನಕ್ಕೆ ಸುಮಾರು 50 ಗ್ರಾಂ. ಇದು ಆರೋಗ್ಯವಂತರ ಲೆಕ್ಕಕ್ಕಿಂತ ಹೆಚ್ಚೇನೂ ಕಡಿಮೆಯಲ್ಲ, ಗಮನಿಸಿ. ತಪ್ಪಿಸಬೇಕಾದದ್ದು ಕೆಜಿಗೆ 1.3 ಗ್ರಾಂ ದಾಟುವುದನ್ನು. ನಮ್ಮ ಮುದ್ದೆ ಸಾರಿನ ಊಟದಲ್ಲಿ ಅಷ್ಟು ದಾಟುವುದು ಸುಲಭವಲ್ಲ. ಪೊಟ್ಯಾಸಿಯಂ, ರಂಜಕದ ವರದಿ ನೋಡಿ ಯಾವ ಕಾಳು ಎಷ್ಟು ಎನ್ನುವುದನ್ನು ಅವರ ಮೂತ್ರಪಿಂಡ ತಜ್ಞರೇ ನಿರ್ಧರಿಸಲಿ. ವರದಿ ಕೈಗೆ ಕೊಡುವವರ ಮಾತು ಬೇಡ.

ಚಾಕ್‌ಪೀಸ್ (ನಿವೃತ್ತ ಶಿಕ್ಷಕ, ತಿಪಟೂರು), ಸೋಮವಾರ ಬೆಳಿಗ್ಗೆ

ನಾನು 31 ವರ್ಷ ವಿಜ್ಞಾನ ಪಾಠ ಮಾಡಿದವನು. ಆಗ ಪುಸ್ತಕದಲ್ಲಿ ಇದಕ್ಕೆ “ಸಸಾರಜನಕ” ಎಂಬ ಹೆಸರಿತ್ತು. ಹುಡುಗರು ನಾಲಿಗೆ ತೊಡರಿ “ಸಾಸಾರ್ಜನಕ” ಎನ್ನುತ್ತಿದ್ದರು. ಆದರೆ ಪದ ಸರಿಯಾಗಿಯೇ ಇತ್ತು: ಸಾರಜನಕ ಉಳ್ಳದ್ದು. ಪ್ರಯೋಗಾಲಯದಲ್ಲಿ ಇಂದಿಗೂ ಆಹಾರದ ಸಾರಜನಕವನ್ನು ಅಳೆದು 6.25ರಿಂದ ಗುಣಿಸಿ ಪ್ರೋಟೀನ್ ಎಷ್ಟೆಂದು ಬರೆಯುತ್ತಾರೆ.

ನನ್ನ ತಕರಾರು ಬೇರೆ. 2010ರ ಪುಸ್ತಕದಲ್ಲಿ ಗಂಡಸಿಗೆ 60 ಗ್ರಾಂ, ಹೆಂಗಸಿಗೆ 55 ಎಂದಿತ್ತು. ಹತ್ತು ವರ್ಷದಲ್ಲಿ ಅದು 54 ಮತ್ತು 46 ಆಯಿತು. ನಮ್ಮ ದೇಹವೇನು ಬದಲಾಯಿತೇ? ನನ್ನ ತಾಯಿ ರಾಗಿ ತಿಂದು 91 ವರ್ಷ ಬದುಕಿದಳು. ರಾಗಿ ತಿಂದವನು ನಿರೋಗಿ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಅಳತೆ ಚಮಚ, ಸೋಮವಾರ ಮಧ್ಯಾಹ್ನ

ಮೇಷ್ಟರೇ, ದೇಹ ಬದಲಾಗಲಿಲ್ಲ, ಲೆಕ್ಕದ ಬುಡ ಬದಲಾಯಿತು. 2010ರಲ್ಲಿ ಕೆಜಿಗೆ 1 ಗ್ರಾಂ ಹಿಡಿದಿದ್ದರು. 2020ರಲ್ಲಿ ಒಳ್ಳೆಯ ಗುಣಮಟ್ಟದ ಪ್ರೋಟೀನ್ ಸಿಗುತ್ತದೆ ಎಂದು ಭಾವಿಸಿ 0.83 ಎಂದರು. ಅನ್ನ, ಮುದ್ದೆಯೇ ಮುಖ್ಯವಾಗಿ ಹಾಲು, ಬೇಳೆ ಕಡಿಮೆ ಇರುವ ತಟ್ಟೆಗೆ ಈಗಲೂ ಕೆಜಿಗೆ 1 ಗ್ರಾಂ ಹಿಡಿಯುವುದೇ ಕ್ಷೇಮ. ನಿಮ್ಮ ಹಳೆಯ ಪುಸ್ತಕ ನಮ್ಮ ಅಡುಗೆಮನೆಗೆ ಹೆಚ್ಚು ಹತ್ತಿರವಿತ್ತು ಎಂದೇ ಹೇಳಬಹುದು.

ಗುಣಮಟ್ಟದ ಮಾತು ಏಕೆಂದರೆ, ಅಕ್ಕಿಯಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ (ಪ್ರೋಟೀನ್ ಕಟ್ಟುವ ಇಟ್ಟಿಗೆಗಳಲ್ಲಿ ಒಂದು) ಕಡಿಮೆ. ಬೇಳೆಯಲ್ಲಿ ಅದು ಧಾರಾಳ. 1985ರ ಅಂತರರಾಷ್ಟ್ರೀಯ ವರದಿ ವಯಸ್ಕರಿಗೆ ಕೆಜಿಗೆ 12 ಮಿಲಿಗ್ರಾಂ ಲೈಸಿನ್ ಸಾಕು ಎಂದಿತ್ತು. 2007ರಲ್ಲಿ ಅದು 30 ಆಯಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಅನುರಾ ಕುರ್ಪಾಡ್ ಅವರ ತಂಡ ನಮ್ಮ ಜನರ ಮೇಲೆಯೇ ನಡೆಸಿದ ಪ್ರಯೋಗಗಳು ಈ ಬದಲಾವಣೆಯ ಹಿಂದಿನ ಆಧಾರಗಳಲ್ಲಿ ಸೇರಿವೆ. ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಬೇಳೆ ಎನ್ನುವ ಸಲಹೆಯ ಹಿಂದಿರುವುದೂ ಇದೇ ಲೈಸಿನ್ ಲೆಕ್ಕ.

ರಾಗಿಯನ್ನು ನಾನೂ ಬಿಟ್ಟುಕೊಡುವುದಿಲ್ಲ. ಸುಣ್ಣದ ಅಂಶಕ್ಕೆ ಅದಕ್ಕೆ ಸಮನಾದ ಧಾನ್ಯವಿಲ್ಲ. ಆದರೆ 100 ಗ್ರಾಂ ಹಿಟ್ಟಿನಲ್ಲಿ ಪ್ರೋಟೀನ್ 7 ಗ್ರಾಂ ಮಾತ್ರ, ಅಕ್ಕಿಯಷ್ಟೇ ಅಥವಾ ಒಂದು ಕೂದಲೆಳೆ ಕಡಿಮೆ. ನಿಮ್ಮ ತಾಯಿ ಮುದ್ದೆಯನ್ನು ಯಾವುದರಲ್ಲಿ ಅದ್ದಿ ನುಂಗುತ್ತಿದ್ದರು, ಹೇಳಿ?

ಚಾಕ್‌ಪೀಸ್, ಸೋಮವಾರ ಮಧ್ಯಾಹ್ನ

ಹುರುಳಿಕಾಳಿನ ಸಾರು. ಕಾಳನ್ನು ಬಸಿಯದೆ ಹಾಗೆಯೇ ರುಬ್ಬಿ ಗಟ್ಟಿಯಾಗಿ. ಸರಿ, ಒಪ್ಪಿದೆ.

ಮಂಡ್ಯದವಳು, ಸೋಮವಾರ ಸಂಜೆ

ಮೇಷ್ಟರ ಮಾತಿನಲ್ಲಿ “ಬಸಿಯದೆ” ಎನ್ನುವುದನ್ನು ಹಿಡಿದುಕೊಳ್ಳಿ. ಬಸ್ಸಾರಿನಲ್ಲಿ ನಾವು ಕಾಳು, ಸೊಪ್ಪು ಬೇಯಿಸಿ ಕಟ್ಟು ಬಸಿದು ಸಾರು ಮಾಡುತ್ತೇವೆ. ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಸಾರಿಗೆ ಒಂದು ಹಿಡಿ ಕಾಳು ರುಬ್ಬಿ ಹಾಕಿದರೂ ಪ್ರೋಟೀನಿನ ಬಹುಪಾಲು ಉಳಿಯುವುದು ಪಲ್ಯದಲ್ಲಿ. ಮೊದಲ ಪಂಕ್ತಿಯವರು ಪಲ್ಯ ಹಾಕಿಸಿಕೊಂಡು ಏಳುತ್ತಾರೆ. ಕೊನೆಗೆ ಕುಳಿತವರಿಗೆ ಮುದ್ದೆ, ಘಮಘಮ ಸಾರು, ಪಾತ್ರೆಯ ತಳಕ್ಕೆ ಅಂಟಿದ ನಾಲ್ಕು ಕಾಳು. ಹೊಟ್ಟೆ ತುಂಬುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಬಸ್ಸಾರು ಮನೆಯವರೇ, ನೀವು ಯಾವ ಪಂಕ್ತಿ?

ಕಬ್ಬಿಣದ ಗುಂಡು (ಬೆಂಗಳೂರು), ಸೋಮವಾರ ರಾತ್ರಿ

ಯಜಮಾನರ ಡಬ್ಬಿಯ ಮೇಲೆ ಯಾರೂ ಕಣ್ಣು ಹಾಕಬೇಡಿ. ಭಾರ ಎತ್ತುವವನಿಗೆ 0.83 ಎಲ್ಲಿ ಸಾಲುತ್ತದೆ? ನಮ್ಮ ತರಬೇತುದಾರರು ಪೌಂಡಿಗೆ ಒಂದು ಗ್ರಾಂ ಎನ್ನುತ್ತಾರೆ. ವೇ ಎಂದರೆ ಹಾಲು ಒಡೆದಾಗ ಸಿಗುವ ನೀರಿನ ಪುಡಿ, ಅದರಲ್ಲಿ ವಿಷವೇನಿದೆ?

ಅಳತೆ ಚಮಚ, ಸೋಮವಾರ ರಾತ್ರಿ

ವಿಷವೇನಿಲ್ಲ. ಪನೀರು ಮಾಡಿದಾಗ ನಾವು ಚೆಲ್ಲುವ ನೀರಿನ ನೆಂಟನೇ ಅದು. ಭಾರ ಎತ್ತುವವರಿಗೆ ಹೆಚ್ಚು ಬೇಕು ಎನ್ನುವುದೂ ನಿಜ. ಆದರೆ ಪೌಂಡಿಗೆ ಒಂದು ಗ್ರಾಂ ಎಂದರೆ ಕೆಜಿಗೆ 2.2 ಆಗುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ನೋಡಿದಾಗ, ಸುಮಾರು 1.6 ಗ್ರಾಂ ದಾಟಿದ ಮೇಲೆ ಸ್ನಾಯು ಬೆಳವಣಿಗೆಗೆ ಹೇಳಿಕೊಳ್ಳುವ ಲಾಭ ಕಾಣಲಿಲ್ಲ. 71 ಕೆಜಿಯವರಿಗೆ ಆ ಮಿತಿ 114 ಗ್ರಾಂ. ಒಂದು ಅಳತೆ ಪುಡಿಯಲ್ಲಿ ಸಾಮಾನ್ಯವಾಗಿ 24 ಗ್ರಾಂ ಆಸುಪಾಸು ಇರುತ್ತದೆ, ಎರಡಕ್ಕೆ 48. ಊಟದಿಂದ 55 ಬಂದರೂ 100 ದಾಟಿತು. ಇನ್ನು ಆ ಮನೆಯ ಪಲ್ಯದ ಪಾತ್ರೆಯಿಂದ ಅವರು ಹೆಚ್ಚಿಗೆ ಎತ್ತಿಕೊಳ್ಳುವ ಅಗತ್ಯವಿಲ್ಲ, ಅಷ್ಟೇ ನನ್ನ ಮಾತು. 2024ರ ರಾಷ್ಟ್ರೀಯ ಆಹಾರ ಮಾರ್ಗಸೂಚಿಯಂತೂ ಮೈ ಬೆಳೆಸಲು ಪುಡಿ ಬೇಡವೇ ಬೇಡ ಎಂದಿದೆ. ಅಪ್ಪನಿಗೆ ಸಕ್ಕರೆ ಕಾಯಿಲೆ ಮತ್ತು ಮೂತ್ರಪಿಂಡದ ತೊಂದರೆ ಇರುವಾಗ, ಮಗ ಡಬ್ಬಿ ತೆರೆಯುವ ಮೊದಲು ತನ್ನ ಕ್ರಿಯಾಟಿನಿನ್ ಮತ್ತು ಮೂತ್ರ ಪರೀಕ್ಷೆ ಮಾಡಿಸಿಕೊಳ್ಳಬೇಕಿತ್ತು.

ಮಂಗಳವಾರ-ಶುಕ್ರವಾರ (ದಾವಣಗೆರೆ), ಮಂಗಳವಾರ ಮಧ್ಯಾಹ್ನ

ಡಯಾಲಿಸಿಸ್ ಕೊಠಡಿಯ ಹೊರಗೆ ಕುಳಿತು ಬರೆಯುತ್ತಿದ್ದೇನೆ. ನನ್ನ ಹೆಸರಿನ ಅರ್ಥ ಈಗ ತಿಳಿಯಿತಲ್ಲ.

ಅಪ್ಪನಿಗೆ ಮೊದಲು “ಪ್ರೋಟೀನ್ ಕಡಿಮೆ ಮಾಡಿ” ಎಂದಿದ್ದರು. ಎರಡು ವರ್ಷ ಪಾಲಿಸಿದೆವು. ಡಯಾಲಿಸಿಸ್ ಶುರುವಾದ ದಿನ ಆ ನಿಯಮ ತಲೆಕೆಳಗಾಯಿತು ಎಂದು ನಮಗೆ ಯಾರೂ ಬಿಡಿಸಿ ಹೇಳಲಿಲ್ಲ. ರಕ್ತ ಶುದ್ಧಿಯಾಗುವಾಗ ಅಮೈನೋ ಆಮ್ಲಗಳೂ ಹೊರಗೆ ಹರಿದು ಹೋಗುತ್ತವೆ. ಹಾಗಾಗಿ ಡಯಾಲಿಸಿಸ್‌ನಲ್ಲಿರುವವರಿಗೆ ಕೆಜಿಗೆ 1.0ರಿಂದ 1.2 ಗ್ರಾಂ ಬೇಕು, ಆರೋಗ್ಯವಂತರಿಗಿಂತಲೂ ಹೆಚ್ಚು. ನಾವು ನಾಲ್ಕು ತಿಂಗಳು ಹಳೆಯ ಚೀಟಿಯನ್ನೇ ಹಿಡಿದು ಅಪ್ಪನಿಗೆ ತಿಳಿಸಾರು ಅನ್ನ ಹಾಕಿದೆವು. ಅಂಗಿಯ ತೋಳು ಜೋತು ಬಿದ್ದಿತು. ರಕ್ತದಲ್ಲಿನ ಅಲ್ಬುಮಿನ್ ಎಂಬ ಪ್ರೋಟೀನ್ ಇಳಿಯಿತು. ಪಕ್ಕದ ಹಾಸಿಗೆಯವರು ಡಯಾಲಿಸಿಸ್ ಮುಗಿಸಿ ಬೇಯಿಸಿದ ಮೊಟ್ಟೆಯ ಬಿಳಿ ಭಾಗ ತಿನ್ನುವುದನ್ನು ಕಂಡು ಕೇಳಿದಾಗಲೇ ನಮಗೆ ಗೊತ್ತಾದದ್ದು. ಕಾಯಿಲೆಯ ಹೆಸರು ಒಂದೇ ಇದ್ದರೂ ಹಂತ ಬದಲಾದಾಗ ಪಥ್ಯದ ಚೀಟಿ ಬದಲಾಯಿಸಿ ಎಂದು ಕೇಳಿ. ನಾವು ಕೇಳಲಿಲ್ಲ.

ಪಡುಬಿದ್ರಿ ದಕ್ಷಿಣ, ಮಂಗಳವಾರ ಸಂಜೆ

ಇದೇ ಜಾಗದಲ್ಲಿ ಒಂದು ಪ್ರಶ್ನೆ. ಚಿಕ್ಕಪ್ಪನಿಗೆ ಲಿವರ್ ಸಿರೋಸಿಸ್ (ಯಕೃತ್ತು ಗಟ್ಟಿಯಾಗುವ ಕಾಯಿಲೆ). ಮನೆಯವರು ಮೀನು, ಬೇಳೆ ಎಲ್ಲ ನಿಲ್ಲಿಸಿದ್ದಾರೆ. ಸರಿಯೇ?

ಅಳತೆ ಚಮಚ, ಮಂಗಳವಾರ ರಾತ್ರಿ

ಸರಿಯಲ್ಲ. ಅದು ಹಳೆಯ ಕಾಲದ ಪದ್ಧತಿ. ಸಿರೋಸಿಸ್‌ನಲ್ಲಿ ಈಗ ಕೆಜಿಗೆ 1.2ರಿಂದ 1.5 ಗ್ರಾಂ ಎನ್ನುತ್ತಾರೆ. ರಾತ್ರಿ ಬರಿ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ಇರಬಾರದು, ಮಲಗುವ ಮುನ್ನ ಏನಾದರೂ ತಿನ್ನಬೇಕು. ಮೀನು ಕೊಡಬಹುದೇ ಎಂದು ಅವರ ವೈದ್ಯರನ್ನು ನಾಳೆಯೇ ಕೇಳಿ, ಉಪ್ಪು ಮಾತ್ರ ಹಿಡಿತದಲ್ಲಿರಲಿ. ಒಣಮೀನು ಬೇಡ.

ಬಸ್ಸಾರು ಮನೆ, ಬುಧವಾರ ರಾತ್ರಿ

ಎಲ್ಲರಿಗೂ ವಂದನೆ. ಮಂಡ್ಯದವಳು ಅವರ ಪ್ರಶ್ನೆ ಚುಚ್ಚಿತು. ನಿನ್ನೆ 200 ಗ್ರಾಂ ಒಣ ಅವರೆಕಾಳು ತೂಗಿ ಬಸ್ಸಾರು ಮಾಡಿದೆ. ಯಾರಿಗೂ ಹೇಳದೆ ಪಲ್ಯದ ಸೌಟು ಎಣಿಸಿದೆ. ಒಟ್ಟು ಹನ್ನೆರಡು ಸೌಟು. ಯಜಮಾನರಿಗೆ ಐದು, ಮಾವನವರಿಗೆ ಎರಡು, ನಾದಿನಿಗೆ ಎರಡು, ಮಗಳಿಗೆ ಒಂದೂವರೆ, ನನಗೆ ಒಂದು, ಅತ್ತೆಗೆ ಅರ್ಧ. ಅತ್ತೆ “ಕಾಳು ವಾಯು” ಎಂದು ತಟ್ಟೆಗೆ ಕೈ ಅಡ್ಡ ಹಿಡಿಯುತ್ತಾರೆ. ನಾನು ಒತ್ತಾಯ ಮಾಡುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು.

ಅತ್ತೆಯ ದಿನದ ಊಟ ಬರೆಯುತ್ತೇನೆ: ಬೆಳಿಗ್ಗೆ ಒಂದು ಅಕ್ಕಿರೊಟ್ಟಿ, ಎರಡು ಸಲ ಕಾಫಿ. ಮಧ್ಯಾಹ್ನ ಒಂದು ಮುದ್ದೆ, ಒಂದು ಹಿಡಿ ಅನ್ನ, ಸಾರು. ಸಂಜೆ ಎರಡು ಬಿಸ್ಕತ್ತು. ರಾತ್ರಿ ಮಜ್ಜಿಗೆ ಅನ್ನ, ಅದೂ ನೀರು ಮಜ್ಜಿಗೆ. ಅಳತೆ ಚಮಚ ಅವರೇ, ಇದು ಎಷ್ಟಾಗುತ್ತದೆ?

ನನ್ನದು 41 ವರ್ಷ, 58 ಕೆಜಿ.

ಅಳತೆ ಚಮಚ, ಗುರುವಾರ ಬೆಳಿಗ್ಗೆ

ರೊಟ್ಟಿ 5, ಕಾಫಿಯ ಹಾಲು 3, ಮುದ್ದೆ 6, ಅನ್ನ 4, ಸಾರು 2, ಬಿಸ್ಕತ್ತು 1, ರಾತ್ರಿಯದು 5. ಒಟ್ಟು 26 ಗ್ರಾಂ, ಅದರಲ್ಲೂ ಹೆಚ್ಚಿನದು ಧಾನ್ಯದಿಂದ. 44 ಕೆಜಿಗೆ 0.83ರ ಲೆಕ್ಕದಲ್ಲೇ 36.5 ಬೇಕು. ಆದರೆ 65 ದಾಟಿದವರಿಗೆ ಅಷ್ಟು ಸಾಲದು. ವಯಸ್ಸಾದ ಸ್ನಾಯು ಊಟಕ್ಕೆ ಬೇಗ ಓಗೊಡುವುದಿಲ್ಲ. ಯೌವನದಲ್ಲಿ ಸ್ವಲ್ಪ ಪ್ರೋಟೀನ್ ಬಂದರೂ ಕೆಲಸ ಶುರುಮಾಡುವ ಸ್ನಾಯು, ಎಪ್ಪತ್ತರಲ್ಲಿ ಹೆಚ್ಚು ಬಂದರೆ ಮಾತ್ರ ಎದ್ದು ಕೂರುತ್ತದೆ. ಅದಕ್ಕೇ 2013ರಲ್ಲಿ ಮುಪ್ಪಿನ ಪೋಷಣೆಯ ತಜ್ಞರ ಗುಂಪು ಕೆಜಿಗೆ 1.0ರಿಂದ 1.2 ಗ್ರಾಂ ಎಂದು ಹೇಳಿತು, ಕಾಯಿಲೆ ಬಿದ್ದವರಿಗೆ 1.5ರವರೆಗೆ. ಅತ್ತೆಗೆ 44ರಿಂದ 53 ಗ್ರಾಂ ಬೇಕಾಗಿದ್ದಲ್ಲಿ ಅರ್ಧ ಸಿಗುತ್ತಿದೆ.

ನಿಮ್ಮ ಮನೆಯಲ್ಲಿ ನನಗೆ ಹೆಚ್ಚು ಚಿಂತೆಯಾಗಿರುವುದು ಮಾವನವರದಲ್ಲ, ಅತ್ತೆಯದು. ಅವರಿಗೆ ವರದಿಯಿಲ್ಲ, ಹಾಗಾಗಿ ಯಾರೂ ಕೇಳುತ್ತಿಲ್ಲ. ನೆಲದಿಂದ ಏಳುವಾಗ ಕೈಯೂರುತ್ತಾರೆಯೇ, ಕೊಡ ಎತ್ತುವುದನ್ನು ಬಿಟ್ಟಿದ್ದಾರೆಯೇ, ನೋಡಿ.

ವಾಯು ಎನ್ನುವುದು ನೆಪವಲ್ಲ, ಗೌರವಿಸಿ. ಇಡೀ ಅವರೆಕಾಳಿನ ಬದಲು ರಾತ್ರಿ ಹೆಸರುಬೇಳೆಯ ತೊವ್ವೆ, ಇಂಗು ಜೀರಿಗೆ ಹಾಕಿ. 30 ಗ್ರಾಂ ಬೇಳೆಗೆ 7 ಗ್ರಾಂ ಬಂತು. ಬಿಸ್ಕತ್ತಿನ ಜಾಗಕ್ಕೆ ಹುರಿಗಡಲೆ ಪುಡಿ, ಬೆಲ್ಲ, ತುಪ್ಪ ಕಲಸಿದ ಉಂಡೆ, ಹಲ್ಲಿಲ್ಲದಿದ್ದರೂ ಕರಗುತ್ತದೆ. ಒಂದು ಲೋಟ ಹಾಲು 6. ನೀರು ಮಜ್ಜಿಗೆಯ ಬದಲು ಒಂದು ಬಟ್ಟಲು ಗಟ್ಟಿ ಮೊಸರು. ಇಷ್ಟಕ್ಕೆ 45ರ ಹತ್ತಿರ ಬರುತ್ತಾರೆ. ಪ್ರತಿ ಹೊತ್ತಿಗೂ ಹಂಚಿ ಕೊಡಿ, ಒಂದೇ ಊಟಕ್ಕೆ ತುಂಬಬೇಡಿ.

ನಿಮಗೆ 48, ಮುದ್ದೆ ಅನ್ನದ ಊಟವಾದ್ದರಿಂದ 58 ಎಂದೇ ಇಟ್ಟುಕೊಳ್ಳಿ. ಒಂದು ಸೌಟು ಪಲ್ಯ ಸಾಲದು.

ಮಗಳಿಗೆ 43 ಗ್ರಾಂ. ಇಲ್ಲಿ ಒಂದು ಸ್ವಾರಸ್ಯವಿದೆ. 13ರಿಂದ 15ರ ಹುಡುಗನಿಗೆ 45, ಹುಡುಗಿಗೆ 43. ಅದಕ್ಕೂ ಮೊದಲು, 10ರಿಂದ 12ರವರೆಗೆ ಹುಡುಗಿಗೆ 33, ಹುಡುಗನಿಗೆ 32. ಹುಡುಗಿಯರು ಮೊದಲು ಎತ್ತರವಾಗುತ್ತಾರೆ, ಆ ಹೊತ್ತಿಗೆ ಅವರ ಪಾಲು ಅಣ್ಣತಮ್ಮಂದಿರಿಗಿಂತ ಒಂದು ಗುಟುಕು ಹೆಚ್ಚು. ಮನೆಯ ಒಂದು ಮೊಟ್ಟೆ ಗಂಡುಮಗುವಿಗೆ ಎನ್ನುವವರಿಗೆ ಇದನ್ನು ತೋರಿಸಿ.

ಅಂಗನವಾಡಿ ಅಕ್ಕ (ಚನ್ನರಾಯಪಟ್ಟಣ), ಗುರುವಾರ ಮಧ್ಯಾಹ್ನ

ಮಗಳು ಸರ್ಕಾರಿ ಶಾಲೆಯಾದರೆ ಮೊಟ್ಟೆಯನ್ನೇ ಆರಿಸಿಕೊಳ್ಳಲಿ, ತಿನ್ನುವ ಅಭ್ಯಾಸವಿದ್ದರೆ. ಮೊಟ್ಟೆಯಲ್ಲಿ 6 ಗ್ರಾಂ, ಬದಲಿಗೆ ಕೊಡುವ ಬಾಳೆಹಣ್ಣಿನಲ್ಲಿ 1 ಗ್ರಾಂ. ಎರಡನ್ನೂ “ಪೌಷ್ಟಿಕ” ಎಂದು ಒಂದೇ ಸಾಲಿನಲ್ಲಿ ಬರೆಯುತ್ತಾರೆ, ಆ ಮಾತು ಬೇರೆ.

ನಾನು ಬಂದದ್ದು ನಾದಿನಿಯ ಸಲುವಾಗಿ. ನಾಲ್ಕರಿಂದ ಆರನೇ ತಿಂಗಳವರೆಗೆ ದಿನಕ್ಕೆ 46ರ ಮೇಲೆ 9.5 ಗ್ರಾಂ ಸೇರಿಸಿ, 55. ಏಳಕ್ಕೆ ಬಿದ್ದ ಮೇಲೆ 22 ಸೇರಿಸಿ, 68. ಮಗು ಹುಟ್ಟಿದ ಮೊದಲ ಆರು ತಿಂಗಳು ಹಾಲೂಡಿಸಲು 17 ಹೆಚ್ಚು, ಆಮೇಲಿನ ಆರು ತಿಂಗಳು 13. ಮಾತೃಪೂರ್ಣ ಯೋಜನೆಯ ಬಿಸಿಯೂಟ, ಹಾಲು, ಮೊಟ್ಟೆ ಗರ್ಭಿಣಿಗೂ ಬಾಣಂತಿಗೂ ಇದೆ. ಅಂಗನವಾಡಿಗೆ ಬರಲು ಸಂಕೋಚಪಡಬೇಡಿ.

ಬಾಣಂತನ ನಿಮ್ಮ ಮನೆಯಲ್ಲೇ ಆದರೆ ಈಗಲೇ ಮಾತನಾಡಿ. ನಾನು ಮನೆಮನೆಗೆ ಹೋಗಿ ನೋಡಿದ್ದೇನೆ: ಏಳನೇ ತಿಂಗಳಿನಲ್ಲಿ ಬಯಕೆ ಕೇಳಿ ಕೇಳಿ ತಿನ್ನಿಸುತ್ತಾರೆ, ಸೀಮಂತಕ್ಕೆ ಹೋಳಿಗೆ ಬಡಿಸುತ್ತಾರೆ. ಹೆರಿಗೆಯಾದ ಮರುದಿನದಿಂದ ಮೆಣಸಿನ ಸಾರು, ಬೆಳ್ಳುಳ್ಳಿ ಒಗ್ಗರಣೆಯ ಬಿಸಿ ಅನ್ನ, ತುಪ್ಪ. ಬೇಳೆ ಹಾಕಿದರೆ ಮಗುವಿಗೆ ಹೊಟ್ಟೆನೋವು, ಮೊಸರು ಹಾಕಿದರೆ ಶೀತ, ಕಾಳು ಹಾಕಿದರೆ ವಾಯು. ಹಾಲೂಡಿಸುವ ಹೆಂಗಸಿಗೆ ಹೆಚ್ಚಿಗೆ ಬೇಕಾದ ಹೊತ್ತಿನಲ್ಲೇ ಎಲ್ಲ ಬಾಗಿಲೂ ಮುಚ್ಚುತ್ತವೆ. ಹಿರಿಯರೊಡನೆ ಜಗಳಕ್ಕೆ ನಿಂತರೆ ಆಗುವುದಿಲ್ಲ. ಮೆಣಸಿನ ಸಾರು ಇರಲಿ, ಅದರ ಜೊತೆಗೆ ತೊವ್ವೆ ಇರಲಿ ಎಂದು ನಾನು ಹೇಳುತ್ತೇನೆ. ಅಂಟಿನುಂಡೆಗೆ ಬಾದಾಮಿ, ಕಡಲೆಕಾಯಿ ಸ್ವಲ್ಪ ಹೆಚ್ಚು ಹಾಕಿದರೆ ಯಾವ ಅಜ್ಜಿಯೂ ಬೇಡ ಎನ್ನುವುದಿಲ್ಲ.

ರಾಯಚೂರು ಸೈಕಲ್, ಗುರುವಾರ ರಾತ್ರಿ

ಕ್ಷಯರೋಗಿಗಳ ಮನೆಗೆ ಮಾತ್ರೆ ತಲುಪಿಸುವ ಕೆಲಸ ನನ್ನದು. ಕ್ಷಯ ಬಂದವರ ಮೈ ಕರಗುವುದನ್ನು ದಿನವೂ ಕಾಣುತ್ತೇನೆ. 2024ರ ನವೆಂಬರ್‌ನಿಂದ ಪೋಷಣೆಗೆ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ, ಮೊದಲು 500 ಇತ್ತು.

ಹೇಳಬೇಕಾದದ್ದು ಮನೆಯ ಉಳಿದವರ ಬಗ್ಗೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಅವರ ತಂಡ ಜಾರ್ಖಂಡ್‌ನಲ್ಲಿ ಕ್ಷಯರೋಗಿಗಳ ಮನೆಯವರ ಮೇಲೆ, ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡ ಪ್ರಯೋಗ ಮಾಡಿತು. ಪೋಷಣೆ ಪಡೆದ ಮನೆಗಳಲ್ಲಿ ಒಬ್ಬೊಬ್ಬರಿಗೆ ತಿಂಗಳಿಗೆ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ತೊಗರಿಬೇಳೆ, ಜೊತೆಗೆ ವಿಟಮಿನ್ ಮಾತ್ರೆ. 2023ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ ಆ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ಶೇ. 39ರಷ್ಟು ಕಡಿಮೆಯಾಯಿತು, ಕಫದಲ್ಲಿ ರೋಗಾಣು ಖಚಿತವಾದ ಬಗೆಯದು ಶೇ. 48. ಲಸಿಕೆಯಲ್ಲ, ಹೊಸ ಮಾತ್ರೆಯಲ್ಲ. ದಿನಕ್ಕೆ 50 ಗ್ರಾಂ ಬೇಳೆ. ನಿಮ್ಮ ಮನೆಯಲ್ಲಿ ಸಾರಿಗೆ ದಿನಕ್ಕೆ ಎಷ್ಟು ಬೇಳೆ ಹಾಕುತ್ತೀರಿ, ತಲೆ ಲೆಕ್ಕದಲ್ಲಿ ಭಾಗಿಸಿ ನೋಡಿ.

ಚಾಕ್‌ಪೀಸ್, ಶುಕ್ರವಾರ ಬೆಳಿಗ್ಗೆ

ಭಾಗಿಸಿದೆ. ನಮ್ಮ ಮನೆಯಲ್ಲಿ ನಾಲ್ಕು ಜನಕ್ಕೆ 100 ಗ್ರಾಂ. ತಲೆಗೆ 25. ಮೂವತ್ತೊಂದು ವರ್ಷ ಭಾಗಾಕಾರ ಕಲಿಸಿದವನು ಇದನ್ನು ಒಮ್ಮೆಯೂ ಮಾಡಿರಲಿಲ್ಲ.

ಬಸ್ಸಾರು ಮನೆ, ಹದಿನೈದು ದಿನಗಳ ನಂತರ

ವರದಿ ಒಪ್ಪಿಸಲು ಬಂದೆ. ಮೂತ್ರಪಿಂಡ ತಜ್ಞರು ಮಾವನವರ ಬೇಳೆಯನ್ನು ನಿಲ್ಲಿಸಲಿಲ್ಲ. ದಿನಕ್ಕೆ 50 ಗ್ರಾಂ ಪ್ರೋಟೀನ್ ಎಂದೇ ಬರೆದುಕೊಟ್ಟರು, ಎಳನೀರು ಮತ್ತು ಉಪ್ಪಿನಕಾಯಿ ಮಾತ್ರ ಬೇಡವೆಂದರು. ಉಪ್ಪಿನಕಾಯಿಗಾಗಿ ಎರಡು ದಿನ ಮಾತು ಬಿಟ್ಟಿದ್ದರು.

ಯಜಮಾನರ ಕ್ರಿಯಾಟಿನಿನ್ ಸರಿಯಿದೆ. ಪುಡಿ ಒಂದು ಅಳತೆಗೆ ಇಳಿಯಿತು. ಬೇಳೆಡಬ್ಬಿಯ ಮೇಲೆ ನಾನು ಅಳತೆಯ ಗೆರೆ ಎಳೆದಿದ್ದೇನೆ.

ಅತ್ತೆ ತೊವ್ವೆ ತಿನ್ನುತ್ತಿದ್ದಾರೆ. ಅವರಿಗಾಗಿ ಮಾಡಿದೆ ಎಂದರೆ ತಿನ್ನುತ್ತಿರಲಿಲ್ಲ. “ಮಾವನವರಿಗೆ ಹೊಸ ಪಥ್ಯ, ಉಪ್ಪು ಸರಿಯಿದೆಯೇ ನೋಡಿ” ಎಂದು ಮೊದಲ ದಿನ ಬಟ್ಟಲು ಕೈಗೆ ಕೊಟ್ಟೆ. ಈಗ ದಿನವೂ ಉಪ್ಪು ನೋಡುತ್ತಾರೆ, ಒಂದು ಬಟ್ಟಲು ಪೂರ್ತಿ. ಹುರಿಗಡಲೆ ಉಂಡೆಯನ್ನು ಅವರೇ ಕಟ್ಟುತ್ತಾರೆ.

ಬಾಣಂತನದ ಮಾತನ್ನೂ ತೆಗೆದೆ. ಹಾಲು, ತೊವ್ವೆಗೆ ಒಪ್ಪಿಗೆ ಸಿಕ್ಕಿದೆ. ಮೊಸರಿಗೆ ಸಿಕ್ಕಿಲ್ಲ, “ಮೂರು ತಿಂಗಳಾಗಲಿ” ಎಂದಿದ್ದಾರೆ. ನಾದಿನಿ ಸೋಮವಾರ ಏಳಕ್ಕೆ ಬೀಳುತ್ತಾಳೆ. ಆ ದಿನದಿಂದ ಪಲ್ಯದಲ್ಲಿ ಅವಳಿಗೆ ಮೂರೂವರೆ ಸೌಟು. ಅಷ್ಟನ್ನು ಯಾರ ತಟ್ಟೆಯಿಂದ ತೆಗೆಯಲಿ ಎಂದು ಯೋಚಿಸಿ, ಕೊನೆಗೆ ಅವರೆಕಾಳನ್ನೇ 300 ಗ್ರಾಂ ನೆನೆಹಾಕಿದೆ.